ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಹಿಳೆಯರು ಮತ್ತು ಗರ್ಭಪಾತದ ನಿರ್ಧಾರ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಮಹಿಳೆಯರೊಡನೆ ಆಪ್ತಸಮಾಲೋಚನೆಗೆ ಕುಳಿತಾಗ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಖಿನ್ನತೆ, ಆತಂಕ, ಬೈಪೋಲಾರ್ ಕಾಯಿಲೆ, ಸ್ಕಿಜೋಫ್ರೀನಿಯಾ ಮುಂತಾದವುಗಳಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಂಗಸು ಗರ್ಭಿಣಿ ಎಂದು ತಿಳಿದ ದಿನ ಮನೆಯಲ್ಲಿ ಎಲ್ಲರೂ ಮಾತನಾಡುತ್ತಾರೆ, ಆದರೆ ಅವಳನ್ನು ಕೇಳುವವರು ಕಡಿಮೆ. ಆದ್ದರಿಂದ ಈ ಉತ್ತರಗಳನ್ನು ಮೊದಲು ಅವಳಿಗಾಗಿ, ಆಮೇಲೆ ಅವಳ ಮನೆಯವರಿಗಾಗಿ ಬರೆದಿದ್ದೇನೆ. ಇಲ್ಲಿರುವುದು ಸಾಮಾನ್ಯ ಮಾಹಿತಿ. ನಿಮ್ಮ ದೇಹ, ನಿಮ್ಮ ಕಾಯಿಲೆ ಮತ್ತು ನಿಮ್ಮ ಮಾತ್ರೆಗಳನ್ನು ನೋಡಿ ಹೇಳಬೇಕಾದವರು ನಿಮ್ಮ ವೈದ್ಯರೇ.

ಎರಡು ತಿಂಗಳಿಂದ ಮುಟ್ಟಾಗಿಲ್ಲ. ಇದು ಮಾತ್ರೆಯ ಪರಿಣಾಮವೋ, ಬಸಿರೋ ಹೇಗೆ ತಿಳಿಯುವುದು?

ಊಹೆ ಮಾಡುತ್ತಾ ಕೂರದೆ ಇಂದೇ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ರಿಸ್ಪೆರಿಡೋನ್‌ನಂತಹ ಕೆಲವು ಮಾತ್ರೆಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಮುಟ್ಟನ್ನು ತಿಂಗಳುಗಟ್ಟಲೆ ತಡೆಯುವುದುಂಟು. ಹಾಗಾಗಿ ಈ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಹೆಂಗಸರು 'ಇದೂ ಅದೇ ಇರಬೇಕು' ಎಂದುಕೊಂಡು ಸುಮ್ಮನಿದ್ದು, ಹೊಟ್ಟೆ ಕಾಣಿಸಿಕೊಂಡ ಮೇಲೆ ಆಸ್ಪತ್ರೆಗೆ ಬರುತ್ತಾರೆ. ವೈದ್ಯರು ಮಾತ್ರೆಯನ್ನು ಬದಲಿಸಿದಾಗ ಮುಟ್ಟು ಮರಳುವುದಕ್ಕೂ ಮೊದಲೇ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆಂಬುದನ್ನೂ ಯಾರೂ ಹೇಳಿರುವುದಿಲ್ಲ. ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ, ಮೆಡಿಕಲ್ ಶಾಪಿನಲ್ಲಿಯೂ ಸಿಗುತ್ತದೆ. ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ದಿನ ನೆನಪಿಲ್ಲದಿದ್ದರೆ ಸ್ಕ್ಯಾನಿಂಗ್‌ನಿಂದ ತಿಳಿಯುತ್ತದೆ. ಮುಂದೆ ಏನೇ ನಿರ್ಧರಿಸುವುದಿದ್ದರೂ ಎಷ್ಟು ವಾರವಾಗಿದೆ ಎಂಬುದು ಮೊದಲು ಗೊತ್ತಾಗಬೇಕು.

ಗರ್ಭಿಣಿ ಎಂದು ಗೊತ್ತಾದ ಕೂಡಲೇ ಮನಸ್ಸಿನ ಮಾತ್ರೆ ನಿಲ್ಲಿಸಬೇಕೆ?

ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ಕಡೆ 'ನರದ ಮಾತ್ರೆ', 'ನಿದ್ದೆ ಮಾತ್ರೆ' ಎಂದು ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ, ಒಂದು ಕೆಟ್ಟದ್ದಾದರೆ ಎಲ್ಲವೂ ಕೆಟ್ಟದ್ದೆಂದು ಭಾವಿಸಿ ಅತ್ತೆಯೋ ಗಂಡನೋ ಸ್ಟ್ರಿಪ್ಪನ್ನೇ ಎತ್ತಿಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಕಾಳಜಿ ನಿಜವಾದದ್ದೇ. ಆದರೆ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನಂತಹ ಮಾತ್ರೆಯನ್ನು ಹಠಾತ್ತನೆ ಬಿಟ್ಟಾಗ ಕಾಯಿಲೆ ಕೆಲವೇ ವಾರಗಳಲ್ಲಿ ಮರುಕಳಿಸಬಹುದು, ಮತ್ತು ಕಾಯಿಲೆ ಮರುಕಳಿಸಿದ ಸ್ಥಿತಿಯಲ್ಲಿ ಗರ್ಭವನ್ನು ಮುಂದುವರಿಸುವುದೋ ಬೇಡವೋ ಎಂದು ಶಾಂತವಾಗಿ ಯೋಚಿಸುವುದು ಬಹಳ ಕಷ್ಟವಾಗುತ್ತದೆ. ಸರ್ಟ್ರಲೀನ್‌ನಂತಹ ಖಿನ್ನತೆಯ ಮಾತ್ರೆಗಳನ್ನು ಅನೇಕ ಮಹಿಳೆಯರು ವೈದ್ಯರ ಉಸ್ತುವಾರಿಯಲ್ಲಿ ಗರ್ಭಧಾರಣೆಯುದ್ದಕ್ಕೂ ತೆಗೆದುಕೊಳ್ಳುತ್ತಾರೆ. ಕ್ಲೊನಜೆಪಾಮ್‌ನಂತಹ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಡುಕ, ನಿದ್ರಾಹೀನತೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು.

ಒಂದು ಮಾತ್ರೆಯ ವಿಷಯದಲ್ಲಿ ಮಾತ್ರ ತಡಮಾಡುವಂತಿಲ್ಲ, ಅದು ಬೈಪೋಲಾರ್ ಕಾಯಿಲೆಗೂ ಫಿಟ್ಸ್‌ಗೂ ಕೊಡುವ ವಾಲ್ಪ್ರೊಯೇಟ್. ಗರ್ಭದಲ್ಲಿ ಇದರ ಸಂಪರ್ಕಕ್ಕೆ ಬಂದ ಪ್ರತಿ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ದೈಹಿಕ ನ್ಯೂನತೆಗಳೂ, 30ರಿಂದ 40 ಮಕ್ಕಳಿಗೆ ಕಲಿಕೆ ಮತ್ತು ಬೆಳವಣಿಗೆಯ ತೊಂದರೆಗಳೂ ಕಂಡುಬಂದಿವೆ. ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ತಾಯಂದಿರ ಮಕ್ಕಳಲ್ಲಿಯೂ 100ಕ್ಕೆ 2–3 ಮಕ್ಕಳಿಗೆ ದೈಹಿಕ ನ್ಯೂನತೆ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ಈ ಸಂಖ್ಯೆಯನ್ನು ಓದಬೇಕು. ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಮುಂದಿನ ತಿಂಗಳ ಭೇಟಿಯವರೆಗೆ ಕಾಯಬೇಡಿ. ಅದೇ ದಿನ ಅಥವಾ ಮರುದಿನ ಮನೋವೈದ್ಯರನ್ನು ಕಾಣಿರಿ. ಅದನ್ನು ಬದಲಿಸುವ ಕೆಲಸವನ್ನೂ ಅವರೇ ಮಾಡಬೇಕು, ಅದರಲ್ಲಿಯೂ ಫಿಟ್ಸ್‌ಗಾಗಿ ತೆಗೆದುಕೊಳ್ಳುತ್ತಿರುವವರಿಗೆ ಥಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ.

ಮಾತ್ರೆ ತಿಂದಿರುವುದರಿಂದ ಮಗುವನ್ನು ತೆಗೆಸಲೇಬೇಕು ಎನ್ನುತ್ತಾರೆ. ನಿಜವೇ?

'ಲೇಬೇಕು' ಎಂಬ ಮಾತಿಗೆ ಆಧಾರವಿಲ್ಲ. ಯಾವ ಮಾತ್ರೆ, ಎಷ್ಟು ಪ್ರಮಾಣ, ಯಾವ ವಾರಗಳಲ್ಲಿ ಎಂಬುದರ ಮೇಲೆ ಅಪಾಯ ನಿಂತಿರುತ್ತದೆ, ಮತ್ತು ಹೆಚ್ಚಿನ ಮನೋರೋಗದ ಮಾತ್ರೆಗಳಿಗೆ ಆ ಅಪಾಯ ಜನ ಭಾವಿಸಿರುವುದಕ್ಕಿಂತ ಬಹಳ ಕಡಿಮೆ. ಲಿಥಿಯಂನಿಂದ ಮಗುವಿನ ಹೃದಯಕ್ಕೆ ತೊಂದರೆಯಾಗುವ ಸಾಧ್ಯತೆ ಇದೆಯಾದರೂ ಅದು ಚಿಕ್ಕ ಸಂಖ್ಯೆ. ವಾಲ್ಪ್ರೊಯೇಟ್‌ನಿಂದ ಬರಬಹುದಾದ ಬೆನ್ನುಹುರಿಯ ದೋಷಗಳನ್ನು 18ರಿಂದ 20 ವಾರಗಳ ನಡುವಿನ ವಿಸ್ತೃತ ಸ್ಕ್ಯಾನಿಂಗ್‌ನಲ್ಲಿ ಬಹುಮಟ್ಟಿಗೆ ಗುರುತಿಸಬಹುದು. ಆ ಸ್ಕ್ಯಾನಿಂಗನ್ನು 20 ವಾರ ಮುಗಿಯುವ ಮುನ್ನವೇ ಮಾಡಿಸಿಕೊಳ್ಳುವುದು ಒಳ್ಳೆಯದು. ಮಗು ಬೇಕೆಂಬ ಆಸೆಯಿರುವ ಹೆಂಗಸು ಕೇವಲ ಭಯದಿಂದ ಗರ್ಭವನ್ನು ತೆಗೆಸಿಕೊಂಡು, ಆಮೇಲೆ ಮಾತ್ರೆ ಅಪಾಯಕಾರಿಯಾಗಿರಲಿಲ್ಲವೆಂದು ತಿಳಿದಾಗ ಪಡುವ ಸಂಕಟವನ್ನು ಕಣ್ಣಾರೆ ಕಂಡಿದ್ದೇನೆ. ಆ ಸಂಕಟ ತಪ್ಪಿಸಬಹುದಾಗಿದ್ದಂಥದ್ದು.

ಗರ್ಭಪಾತ ಮಾಡಿಸಿಕೊಂಡರೆ ನನ್ನ ಕಾಯಿಲೆ ಹೆಚ್ಚಾಗುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆಯಿದು, ಇದಕ್ಕೆ ಸಮಾಧಾನವಾಗಿ ಉತ್ತರಿಸಬೇಕು. ಗರ್ಭಪಾತವೇ ಮನೋರೋಗವನ್ನು ಉಂಟುಮಾಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಹೊರದೇಶಗಳಲ್ಲಿಯೂ ಗಟ್ಟಿಯಾಗಿದೆ. ಅದನ್ನು ಪರಿಶೀಲಿಸಲು ದೊಡ್ಡ ಅಧ್ಯಯನಗಳು ನಡೆದಿವೆ. ಅಮೆರಿಕದ ಮನಃಶಾಸ್ತ್ರ ಸಂಘದ ತಜ್ಞರ ತಂಡವು 2008ರಲ್ಲಿ ಅಂದಿನವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ, ಬೇಡದ ಗರ್ಭವನ್ನು ಮೊದಲ ಮೂರು ತಿಂಗಳೊಳಗೆ ಒಮ್ಮೆ ತೆಗೆಸಿಕೊಂಡ ವಯಸ್ಕ ಮಹಿಳೆಗೆ ಮಾನಸಿಕ ತೊಂದರೆಯ ಅಪಾಯವು ಆ ಗರ್ಭವನ್ನು ಹೆತ್ತವಳಿಗಿಂತ ಹೆಚ್ಚಿಲ್ಲ ಎಂದು ಹೇಳಿತು. ಬ್ರಿಟನ್ನಿನಲ್ಲಿ 2011ರಲ್ಲಿ ನಡೆದ ಇಂಥದೇ ಪರಿಶೀಲನೆಯೂ ಅದೇ ದಿಕ್ಕಿನಲ್ಲಿ ನಿಂತಿತು. ಎರಡೂ ಕಡೆ ಸ್ಪಷ್ಟವಾಗಿ ಕಂಡದ್ದು ಇನ್ನೊಂದು ಸಂಗತಿ: ಆಮೇಲೆ ಯಾರಿಗೆ ಮಾನಸಿಕ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೂಚಿಸುವುದು ಗರ್ಭಕ್ಕೆ ಮೊದಲೇ ಇದ್ದ ಮಾನಸಿಕ ಕಾಯಿಲೆ.

ಡೆನ್ಮಾರ್ಕಿನಲ್ಲಿ ಸರ್ಕಾರಿ ದಾಖಲೆಗಳನ್ನು ಬಳಸಿ ಮಾಡಿದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಇನ್ನಷ್ಟು ತಿಳಿಯಾಗಿ ತೋರಿಸುತ್ತದೆ. ಹಿಂದೆ ಮನೋರೋಗಕ್ಕಾಗಿ ಆಸ್ಪತ್ರೆಗೆ ದಾಖಲಾಗದಿದ್ದ ಮಹಿಳೆಯರನ್ನು ಅದು ಗಮನಿಸಿತು. ಮೊದಲ ಬಾರಿ ಮನೋವೈದ್ಯಕೀಯ ಚಿಕಿತ್ಸೆಗೆ ಬಂದವರ ಪ್ರಮಾಣ ಗರ್ಭಪಾತಕ್ಕೆ ಮುಂಚಿನ ತಿಂಗಳುಗಳಲ್ಲಿ ವರ್ಷಕ್ಕೆ 1,000ಕ್ಕೆ 14.6 ಇದ್ದದ್ದು, ನಂತರದ ವರ್ಷದಲ್ಲಿ 15.2 ಆಗಿತ್ತು, ಅಂದರೆ ಬದಲಾಗಲಿಲ್ಲವೆಂದೇ ಹೇಳಬೇಕು. ಹೆರಿಗೆಯಾದವರಲ್ಲಿ ಅದು 3.9ರಿಂದ 6.7ಕ್ಕೆ ಏರಿತು. ಗರ್ಭಪಾತಕ್ಕೆ ಬರುವವರಲ್ಲಿ ಮೊದಲಿನಿಂದಲೇ ನೋವು ಹೆಚ್ಚು, ಆದರೆ ಆ ನೋವನ್ನು ತಂದದ್ದು ಗರ್ಭಪಾತವಲ್ಲ ಎಂದು ಈ ಸಂಖ್ಯೆಗಳನ್ನು ನಾನು ಓದುತ್ತೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ಕಾಯಿಲೆ ಮೊದಲೇ ಇರುವುದರಿಂದ, ಗರ್ಭವನ್ನು ಮುಂದುವರಿಸಿದರೂ ತೆಗೆಸಿದರೂ ಕಾಯಿಲೆ ಮರುಕಳಿಸುವ ಸಾಧ್ಯತೆ ಇತರರಿಗಿಂತ ಹೆಚ್ಚು. ಹಾಗಾಗಿ ಯಾವ ದಾರಿಯನ್ನು ಹಿಡಿದರೂ ಚಿಕಿತ್ಸೆ ಜೊತೆಯಲ್ಲಿಯೇ ಸಾಗಬೇಕು. ಮನಸ್ಸಿನ ಮೇಲೆ ಹೆಚ್ಚು ಭಾರ ಹೊರಿಸುವ ಸಂದರ್ಭಗಳೂ ಗೊತ್ತಿವೆ: ಬೇರೆಯವರ ಒತ್ತಾಯಕ್ಕೆ ಮಣಿದು ಮಾಡಿಸಿಕೊಂಡದ್ದು, ಬಯಸಿದ್ದ ಗರ್ಭವನ್ನು ಮಗುವಿನ ನ್ಯೂನತೆಯ ಕಾರಣಕ್ಕೆ ಕಳೆದುಕೊಂಡದ್ದು, ಯಾರಿಗೂ ಹೇಳಲಾರದೆ ಒಬ್ಬಳೇ ಬಚ್ಚಿಟ್ಟುಕೊಂಡದ್ದು, ಗಂಡನ ಹೊಡೆತ ಬಡಿತದ ನಡುವೆ ಬದುಕುತ್ತಿರುವುದು. ಇವುಗಳಲ್ಲಿ ಯಾವುದಾದರೂ ನಿಮ್ಮದಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ.

ಕಾನೂನು ಏನು ಹೇಳುತ್ತದೆ?

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು ಅದಕ್ಕೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಮಹಿಳೆಯ ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿಯಾಗುವಂತಿದ್ದರೆ ಅದನ್ನು ಕಾಯ್ದೆಯೇ ಒಂದು ಕಾರಣವೆಂದು ಒಪ್ಪುತ್ತದೆ, ಮತ್ತು ಆ ಹಾನಿಯನ್ನು ಅಳೆಯುವಾಗ ಅವಳು ಈಗ ಬದುಕುತ್ತಿರುವ ಮತ್ತು ಮುಂದೆ ಬದುಕಬೇಕಾಗುವ ಪರಿಸ್ಥಿತಿಯನ್ನೂ ಗಣನೆಗೆ ತೆಗೆದುಕೊಳ್ಳಬಹುದೆಂದು ಹೇಳುತ್ತದೆ. 20ರಿಂದ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಮತ್ತು ನಿಯಮಗಳಲ್ಲಿ ಹೆಸರಿಸಿದ ಕೆಲವು ವರ್ಗದ ಮಹಿಳೆಯರಿಗೆ ಮಾತ್ರ ಇದು ಅನ್ವಯ. ಮಾನಸಿಕ ಅಸ್ವಸ್ಥತೆ ಇರುವವರು, ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಗರ್ಭಿಣಿಯಾದ ಮೇಲೆ ವಿಧವೆಯರಾದವರು ಅಥವಾ ವಿಚ್ಛೇದನವಾದವರು ಆ ವರ್ಗಗಳಲ್ಲಿದ್ದಾರೆ. 24 ವಾರಗಳ ನಂತರ ಭ್ರೂಣದಲ್ಲಿ ಗಂಭೀರ ನ್ಯೂನತೆಯಿದ್ದರೆ ವೈದ್ಯಕೀಯ ಮಂಡಳಿಯ ತೀರ್ಮಾನ ಬೇಕಾಗುತ್ತದೆ. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದಲ್ಲಿ ವಾರಗಳ ಮಿತಿ ಅಡ್ಡಬರುವುದಿಲ್ಲ. ಮಗು ಹೆಣ್ಣೋ ಗಂಡೋ ಎಂದು ತಿಳಿದು ತೆಗೆಸುವುದು ಅಪರಾಧ. ಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ.

ಮದುವೆಯಾಗಿಲ್ಲ. ನನಗೂ ಅವಕಾಶವಿದೆಯೇ?

ಇದೆ. ಮದುವೆಯಾದವರು, ಆಗದವರು ಎಂಬ ಭೇದ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿದೆ. 24 ವಾರಗಳವರೆಗಿನ ಅವಕಾಶಕ್ಕೂ ಅದು ಅನ್ವಯಿಸುತ್ತದೆ.

ಗಂಡನ ಸಹಿ ಬೇಕೆ? ನನಗೆ ಮಾನಸಿಕ ಕಾಯಿಲೆ ಇದೆ ಎಂದರೆ ನನ್ನ ಸಹಿ ನಡೆಯುವುದಿಲ್ಲವೇ?

ಹದಿನೆಂಟು ತುಂಬಿದ ಮಹಿಳೆಗೆ ಅವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಆದರೂ ಎಷ್ಟೋ ಕಡೆ ರೂಢಿಯಿಂದ ಕೇಳುತ್ತಾರೆ. ಕಾಯ್ದೆಯಲ್ಲಿ ಇಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದೆಂದು ಮೇಲಿನ ತೀರ್ಪಿನಲ್ಲಿಯೇ ಹೇಳಲಾಗಿದೆ.

ಮಾನಸಿಕ ಕಾಯಿಲೆಯ ವಿಷಯ ಇಷ್ಟು ಸರಳವಿಲ್ಲ. 'ಮಾನಸಿಕ ಅಸ್ವಸ್ಥೆ'ಯ ಗರ್ಭಪಾತಕ್ಕೆ ಪೋಷಕರ, ಅಂದರೆ ಅವಳ ಆರೈಕೆ ಹೊತ್ತವರ, ಲಿಖಿತ ಒಪ್ಪಿಗೆ ಬೇಕೆಂದು ಕಾಯ್ದೆ ಹೇಳುತ್ತದೆ, ಮತ್ತು ಯಾವುದೇ ಮಾನಸಿಕ ಅಸ್ವಸ್ಥತೆಗಾಗಿ ಚಿಕಿತ್ಸೆಯ ಅಗತ್ಯವಿರುವವರನ್ನು ಆ ಪದದೊಳಗೆ ತರುತ್ತದೆ. ಅಕ್ಷರಶಃ ಓದಿದರೆ ಇದರ ವ್ಯಾಪ್ತಿ ದೊಡ್ಡದು. ಖಿನ್ನತೆಗೆ ಒಂದು ಮಾತ್ರೆ ತೆಗೆದುಕೊಂಡು, ಶಾಲೆಯಲ್ಲಿ ಪಾಠ ಮಾಡಿ, ಮನೆಯ ಲೆಕ್ಕಾಚಾರವನ್ನೆಲ್ಲ ನೋಡಿಕೊಳ್ಳುವ ಹೆಂಗಸನ್ನೂ, ತೀವ್ರ ಸನ್ನಿಯಲ್ಲಿ ತನ್ನ ಹೆಸರನ್ನೇ ಹೇಳಲಾರದ ಸ್ಥಿತಿಯಲ್ಲಿರುವವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಬೇರೆಯದೇ ನೆಲೆಯಿಂದ ಹೊರಡುತ್ತದೆ: ಮಾಹಿತಿಯನ್ನು ಅರ್ಥಮಾಡಿಕೊಂಡು, ಪರಿಣಾಮಗಳನ್ನು ಗ್ರಹಿಸಿ, ತನ್ನ ಇಚ್ಛೆಯನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲವರಿಗೆ ತಮ್ಮ ಮಾನಸಿಕ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯವಿದೆಯೆಂದು ಅದು ಭಾವಿಸುತ್ತದೆ. ಚಂಡೀಗಢದ ಸರ್ಕಾರಿ ಆಶ್ರಯಗೃಹವೊಂದರಲ್ಲಿದ್ದ, ಸ್ವಲ್ಪಮಟ್ಟಿನ ಬುದ್ಧಿಮಾಂದ್ಯತೆಯಿದ್ದ ಯುವತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿಯೇ, ಅವಳ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲವೆಂದೂ, ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದೂ ಹೇಳಿತು.

ಕಾರ್ಯತಃ ಮಾಡಬಹುದಾದದ್ದು ಇಷ್ಟು. ನಿಮ್ಮನ್ನು ನೋಡುತ್ತಿರುವ ಮನೋವೈದ್ಯರಿಂದ 'ಇವರು ವಿಷಯವನ್ನು ಅರ್ಥಮಾಡಿಕೊಂಡು ಸ್ವತಃ ನಿರ್ಧರಿಸಬಲ್ಲರು' ಎಂಬ ಪತ್ರವನ್ನು ಬರೆಸಿಕೊಳ್ಳಿ. ಎಷ್ಟೋ ಗೊಂದಲಗಳು ಈ ಒಂದು ಹಾಳೆಯಿಂದ ತಿಳಿಯಾಗುತ್ತವೆ. ಪೋಷಕರ ಸಹಿ ಅಗತ್ಯವೆಂದು ವೈದ್ಯರು ತೀರ್ಮಾನಿಸಿದರೂ, ಪೋಷಕರೆಂದರೆ ಗಂಡನೇ ಎಂದೇನೂ ಇಲ್ಲ. ನಿಮ್ಮ ಆರೈಕೆ ಮಾಡುವ ತಾಯಿಯೋ ಅಕ್ಕನೋ ಆಗಬಹುದು. ಪೋಷಕರು ಸಹಿ ಮಾಡಿದ ಮಾತ್ರಕ್ಕೆ ನಿಮ್ಮನ್ನು ಕೇಳುವ ಅಗತ್ಯ ಮುಗಿಯಿತೆಂದು ಯಾರೂ ತಿಳಿಯಬಾರದು.

ಖಿನ್ನತೆಯಲ್ಲಿರುವಾಗ ನಾನು ಮಾಡುವ ನಿರ್ಧಾರ ನನ್ನದೋ, ಕಾಯಿಲೆಯದೋ?

ಈ ಪ್ರಶ್ನೆಯನ್ನು ಕೇಳಿಕೊಳ್ಳುವವರು ಈಗಾಗಲೇ ಎಚ್ಚರದಿಂದ ಯೋಚಿಸುತ್ತಿದ್ದಾರೆ ಎಂದೇ ಅರ್ಥ. ಖಿನ್ನತೆ ಕೆಲವು ಮಾತುಗಳನ್ನು ಎಲ್ಲರ ಕಿವಿಯಲ್ಲಿಯೂ ಒಂದೇ ರೀತಿ ಹೇಳುತ್ತದೆ: 'ನಾನು ಯಾವುದಕ್ಕೂ ಲಾಯಕ್ಕಿಲ್ಲ', 'ನನ್ನ ಹೊಟ್ಟೆಯಲ್ಲಿ ಹುಟ್ಟುವ ಮಗುವಿಗೆ ನನ್ನಿಂದ ಕೇಡೇ ಆಗುತ್ತದೆ', 'ನಾನಿದ್ದು ಯಾರಿಗೆ ಏನು ಪ್ರಯೋಜನ'. ಈ ಮಾತುಗಳಿಗೆ ನಿಮ್ಮ ಬದುಕಿನ ವಿವರಗಳ ಹಂಗಿಲ್ಲ, ಅವು ಯಾರ ಬದುಕಿಗೂ ಹೊಂದಿಕೊಳ್ಳುತ್ತವೆ. ಇದಕ್ಕೆ ಬೇರೆಯಾಗಿ ನಿಮ್ಮದೇ ವಿವರಗಳಿಂದ ಕೂಡಿದ ಮಾತುಗಳಿರುತ್ತವೆ: 'ಮೊದಲ ಮಗುವಿಗೆ ಇನ್ನೂ ಹತ್ತು ತಿಂಗಳು, ಹಿಂದಿನ ಬಾಣಂತನದಲ್ಲಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದೆ, ಈ ಸಲ ನೋಡಿಕೊಳ್ಳಲು ಅಮ್ಮನೂ ಇಲ್ಲ' ಎಂಬಂತಹವು. ಅಥವಾ 'ಹಣ ಕಷ್ಟವೇ, ಆದರೂ ಈ ಮಗು ನನಗೆ ಬೇಕು, ತವರಿನವರು ಜೊತೆಗಿದ್ದಾರೆ' ಎಂಬಂತಹವು. ಮೊದಲಿನ ಬಗೆಯ ಮಾತುಗಳಿಗೆ ಚಿಕಿತ್ಸೆ ಬೇಕು. ಎರಡನೆಯ ಬಗೆಯ ಮಾತುಗಳಿಗೆ ಕಿವಿಗೊಡಬೇಕು. ಅಳುತ್ತಾ ಹೇಳಿದಳೆಂಬ ಕಾರಣಕ್ಕೆ ಒಬ್ಬಳ ಕಾರಣಗಳು ಸುಳ್ಳಾಗುವುದಿಲ್ಲ.

ಇದನ್ನು ಬಿಡಿಸಿ ನೋಡಲು ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ಮಾತನಾಡುವುದು ಸಹಾಯಕ. ಬೆಳಿಗ್ಗೆ ಮತ್ತು ಸಂಜೆ ಮನಸ್ಸು ಬೇರೆಬೇರೆಯಾಗಿ ಹೇಳುತ್ತಿದ್ದರೆ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಸಲವೂ ಅದೇ ಉತ್ತರ ಬಂದರೆ ಅದರ ಮೇಲೆ ನಂಬಿಕೆಯಿಡಬಹುದು. ಉನ್ಮಾದದ ಸ್ಥಿತಿಯಲ್ಲಿ, ಅಂದರೆ ನಿದ್ದೆಯಿಲ್ಲದೆ ಅತಿಯಾದ ಉತ್ಸಾಹದಲ್ಲಿರುವಾಗ, ಅಥವಾ ಇಲ್ಲದ ದನಿಗಳು ಕೇಳಿಸುತ್ತಿರುವಾಗ, ಮೊದಲು ಕಾಯಿಲೆಯನ್ನು ತಹಬಂದಿಗೆ ತಂದು ಆಮೇಲೆ ನಿರ್ಧರಿಸುವುದೇ ಸರಿ. ಹಾಗೆಂದು ವಾರಗಳು ಕಾಯುವುದಿಲ್ಲ. ಎಂಟನೆಯ ವಾರದಲ್ಲಿ ಒಂದು ವಾರ ಯೋಚಿಸಲು ಬಿಡುವಿದೆ, ಹತ್ತೊಂಬತ್ತನೆಯ ವಾರದಲ್ಲಿ ಇಲ್ಲ. ಆದ್ದರಿಂದ ಮನೋವೈದ್ಯರನ್ನೂ ಸ್ತ್ರೀರೋಗ ತಜ್ಞರನ್ನೂ ಒಂದೇ ವಾರದಲ್ಲಿ ಕಾಣುವುದು ಬಹಳ ಮುಖ್ಯ.

ಮನೆಯವರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಒತ್ತಾಯ ಎರಡು ದಿಕ್ಕಿನಿಂದಲೂ ಬರುತ್ತದೆ. 'ತಲೆ ಸರಿಯಿಲ್ಲದವಳಿಗೆ ಮಗು ಯಾಕೆ, ತೆಗೆಸಿಬಿಡಿ' ಎನ್ನುವವರಿದ್ದಾರೆ. 'ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ' ಎನ್ನುವವರೂ ಇದ್ದಾರೆ. ಎರಡನೆಯದು ಕೇಳಲು ಹಿತವಾಗಿರುವುದರಿಂದ ಹೆಚ್ಚು ಅಪಾಯಕಾರಿ, ಏಕೆಂದರೆ ಹೆರಿಗೆ ಮನೋರೋಗಕ್ಕೆ ಮದ್ದಲ್ಲ. ವೈದ್ಯರ ಬಳಿ ಹೋದಾಗ 'ನಾನು ಸ್ವಲ್ಪ ಹೊತ್ತು ಒಬ್ಬಳೇ ಮಾತನಾಡಬೇಕು' ಎಂದು ಕೇಳಿರಿ. ಹಾಗೆ ಕೇಳಲು ಧೈರ್ಯ ಸಾಲದಿದ್ದರೆ ತೂಕ ನೋಡುವಾಗಲೋ, ಮೂತ್ರ ಪರೀಕ್ಷೆಗೆ ಹೋದಾಗಲೋ ನರ್ಸಿಗೆ ಹೇಳಿರಿ. ಮನೆಯಲ್ಲಿ ಹಿಂಸೆಯಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಆಶ್ರಯ, ಸಮಾಲೋಚನೆ, ಕಾನೂನು ನೆರವು ದೊರೆಯುತ್ತವೆ.

ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಮನೆಯಲ್ಲೇ ತೆಗೆದುಕೊಂಡರೆ ಆಗುವುದಿಲ್ಲವೇ?

ನಿಮ್ಮಂಥವರು ಹಾಗೆ ಮಾಡಲೇಬಾರದು. ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳು ಒಂಬತ್ತು ವಾರಗಳವರೆಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸುರಕ್ಷಿತವಾದವು. ಆದರೆ ಗರ್ಭವು ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತಿದ್ದರೆ ಅವು ಕೆಲಸ ಮಾಡುವುದಿಲ್ಲ, ರಕ್ತ ಕಡಿಮೆಯಿದ್ದರೆ ರಕ್ತಸ್ರಾವ ಅಪಾಯಕ್ಕೆ ತಿರುಗಬಹುದು.

ಮನಸ್ಸಿನ ಮಾತ್ರೆ ತೆಗೆದುಕೊಳ್ಳುವವರಿಗೆ ಬೇರೆ ಕಾರಣಗಳೂ ಇವೆ, ಇವನ್ನು ಅಂಗಡಿಯವರು ಹೇಳುವುದಿಲ್ಲ. ಮಿಸೊಪ್ರೊಸ್ಟಾಲ್‌ನಿಂದ ವಾಂತಿ, ಭೇದಿ, ಚಳಿ ಜ್ವರ ಬರಬಹುದು. ಲಿಥಿಯಂ ತೆಗೆದುಕೊಳ್ಳುವವರ ದೇಹದಲ್ಲಿ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ವಿಷಮಟ್ಟಕ್ಕೆ ಏರುವ ಭಯವಿದೆ. ಹೊಟ್ಟೆನೋವಿಗೆಂದು ಸಾಮಾನ್ಯವಾಗಿ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್‌ನಂತಹ ನೋವಿನ ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಕೈ ನಡುಕ ಹೆಚ್ಚಾಗುವುದು, ನಡಿಗೆ ತಡವರಿಸುವುದು, ಮಾತು ತೊದಲುವುದು, ಮಂಪರು ಕವಿಯುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾರ್ಬಮಜೆಪೀನ್‌ನಂತಹ ಮಾತ್ರೆ ಮಿಫೆಪ್ರಿಸ್ಟೋನ್‌ನ ಪರಿಣಾಮವನ್ನು ಕುಗ್ಗಿಸಬಹುದು. ಹೀಗಾಗಿ ಗರ್ಭಪಾತ ಮಾಡುವ ವೈದ್ಯರಿಗೆ ನಿಮ್ಮ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ತೋರಿಸಿರಿ. ಮನಸ್ಸಿನ ಮಾತ್ರೆಯ ವಿಷಯ ತಿಳಿದರೆ ಕೀಳಾಗಿ ಕಾಣುತ್ತಾರೆಂಬ ಅಳುಕಿನಿಂದ ಮುಚ್ಚಿಡುವವರಿಗೆ ನಾನು ಕೈಮುಗಿದು ಕೇಳಿಕೊಳ್ಳುವುದು ಇಷ್ಟೇ, ಇದೊಂದನ್ನು ಮುಚ್ಚಿಡಬೇಡಿ.

ಎರಡು ಗಂಟೆಗಳ ಕಾಲ ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಮರುದಿನವೂ ಜ್ವರ ಇಳಿಯದಿದ್ದರೆ, ದುರ್ವಾಸನೆಯ ಸ್ರಾವ ಕಂಡರೆ, ತಲೆಸುತ್ತಿ ಬಿದ್ದರೆ 108ಕ್ಕೆ ಕರೆ ಮಾಡಿ.

ಗರ್ಭಪಾತದ ನಂತರ ಮನಸ್ಸಿಗೆ ಏನಾಗಬಹುದು?

ಹೆಚ್ಚಿನವರಿಗೆ ನಿರಾಳವಾಗುತ್ತದೆ. ನಿರಾಳದ ಜೊತೆಗೇ ದುಃಖವೂ ಇರಬಹುದು, ಎರಡೂ ಒಟ್ಟಿಗಿರುವುದು ತಪ್ಪಲ್ಲ. ತಾನೇ ನಿರ್ಧರಿಸಿ ಮಾಡಿಸಿಕೊಂಡ ಮೇಲೆ ಅಳುವ ಹಕ್ಕು ತನಗಿಲ್ಲವೆಂದು ಭಾವಿಸುವ ಹೆಂಗಸರು ಬಹಳ. ಅಮೆರಿಕದಲ್ಲಿ ಸುಮಾರು 1,000 ಮಹಿಳೆಯರನ್ನು ಐದು ವರ್ಷಗಳವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ, ಗರ್ಭಪಾತ ಮಾಡಿಸಿಕೊಂಡವರಲ್ಲಿ ಬಹುತೇಕರು ಅದು ತಮಗೆ ಸರಿಯಾದ ನಿರ್ಧಾರವಾಗಿತ್ತೆಂದರು. ಬೇಕೆಂದು ಕೇಳಿದರೂ ಸಿಗದೆ ಹಿಂದಿರುಗಿದವರಲ್ಲಿಯೇ ಆರಂಭದ ತಿಂಗಳುಗಳಲ್ಲಿ ಆತಂಕ ಹೆಚ್ಚಾಗಿತ್ತು.

ಸಹಜ ದುಃಖ ಅಲೆಯಂತೆ ಬಂದು ಹೋಗುತ್ತದೆ, ನಡುವೆ ಊಟ ರುಚಿಸುತ್ತದೆ, ಮಗುವಿನ ಆಟಕ್ಕೆ ನಗು ಬರುತ್ತದೆ. ಎರಡು ವಾರ ಕಳೆದರೂ ಒಂದೇ ಸಮನೆ ಬೇಸರ, ನಸುಕಿನಲ್ಲೇ ಎಚ್ಚರವಾಗುವುದು, ಊಟ ಸೇರದಿರುವುದು, ಯಾರೋ ಬೈಯುವಂತೆ ಕೇಳಿಸುವುದು ಇವೆಲ್ಲ ಕಾಯಿಲೆ ತಿರುಗಿ ಬಂದ ಲಕ್ಷಣಗಳು. ಬೈಪೋಲಾರ್ ಇರುವವರಲ್ಲಿ ನಿದ್ದೆಯೇ ಮೊದಲ ಸೂಚನೆ: ಎರಡು ರಾತ್ರಿ ನಿದ್ದೆಯಿಲ್ಲದಿದ್ದರೂ ದಣಿವಾಗದಿದ್ದರೆ ಮೂರನೆಯ ರಾತ್ರಿಗೆ ಕಾಯಬೇಡಿ. ಸಾಯಬೇಕೆಂಬ ಯೋಚನೆ ಬಂದರೆ ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಮನೆಯವರು ಆ ದಿನಗಳಲ್ಲಿ ಕೀಟನಾಶಕದ ಡಬ್ಬಿಗಳನ್ನೂ, ಹೆಚ್ಚುವರಿ ಮಾತ್ರೆಗಳನ್ನೂ ಕೈಗೆ ಸಿಗದಂತೆ ಬೀಗ ಹಾಕಿಡಿ. ಅಡಿಕೆ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನಮ್ಮ ಮನೆಗಳಲ್ಲಿ ಇದು ಬಹಳ ಮುಖ್ಯ.

ವಿಶ್ರಾಂತಿಯ ಬಗ್ಗೆಯೂ ಒಂದು ಮಾತು. ಹೆರಿಗೆಯಾದವಳಿಗೆ ಬಾಣಂತನವಿದೆ, ಬಿಸಿನೀರು, ಬಿಸಿ ಊಟವಿದೆ. ಗರ್ಭಪಾತವಾದವಳು ಮರುದಿನವೇ ಚನ್ನಗಿರಿ ಕಡೆಯ ಅಡಿಕೆ ಸುಲಿಯುವ ಕೆಲಸಕ್ಕೋ, ಮೊಳಕಾಲ್ಮೂರಿನ ಮಗ್ಗಕ್ಕೋ ಹೋಗುತ್ತಾಳೆ, ಏಕೆಂದರೆ ಹೇಳಿಕೊಳ್ಳುವಂತಿಲ್ಲ. ಕೆಲವು ದಿನಗಳ ನಿದ್ದೆ ಮತ್ತು ಒಳ್ಳೆಯ ಊಟ ಅವಳ ಮನಸ್ಸಿನ ಚಿಕಿತ್ಸೆಯ ಭಾಗವೇ ಆಗಿದೆ.

ಇದು ಪಾಪವಲ್ಲವೇ?

ನಿಮ್ಮ ನಂಬಿಕೆಯನ್ನು ನಾನು ತೂಗಲಾರೆ. ಆದರೆ ಖಿನ್ನತೆಯೆಂಬ ಕಾಯಿಲೆಗೆ ಅಪರಾಧಿ ಭಾವವನ್ನು ಹಿಗ್ಗಿಸುವ ಗುಣವಿದೆ, ಹಾಲು ಉಕ್ಕಿದ್ದಕ್ಕೂ ಅದು ನಿಮ್ಮನ್ನೇ ದೂರುತ್ತದೆ. ಆಮೇಲೆ ಬಂದ ಪ್ರತಿಯೊಂದು ಕಷ್ಟವನ್ನೂ 'ಅದರ ಶಾಪ' ಎಂದು ಮನಸ್ಸು ಹೇಳತೊಡಗಿದರೆ ಅದನ್ನು ವೈದ್ಯರ ಮುಂದೆ ಹೇಳಿರಿ. ದೇವರ ಮುಂದೆ ದೀಪ ಹಚ್ಚಿ ಅತ್ತು ಹಗುರಾದವರೂ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಗಾಳಿ ಸೋಕಿದೆಯೆಂದು ಮಾತ್ರೆ ಬಿಡಿಸಿ, ಉಪವಾಸವಿಟ್ಟು, ಹೊಡೆಸುವುದು ಮಾತ್ರ ಬೇಡ.

ಮಗುವನ್ನು ಉಳಿಸಿಕೊಳ್ಳಲು ನಿರ್ಧರಿಸಿದರೆ?

ಆ ನಿರ್ಧಾರಕ್ಕೂ ಇಷ್ಟೇ ಸಿದ್ಧತೆ ಬೇಕು. ಬೈಪೋಲಾರ್ ಇರುವ ತಾಯಂದಿರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ನಮ್ಮಲ್ಲಿ ಬಾಣಂತಿ ಸನ್ನಿ ಎನ್ನುವ ತೀವ್ರ ಕಾಯಿಲೆ ಬರಬಹುದು. ಸಾಮಾನ್ಯವಾಗಿ ಅದು 1,000 ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣುತ್ತದೆ. ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ತಾಯಿಗೆ ನಿದ್ದೆ ಹೇಗೆ ಸಿಗುತ್ತದೆ, ಎದೆಹಾಲಿನ ಜೊತೆ ಯಾವ ಮಾತ್ರೆ ಎಂಬುದನ್ನು ಏಳನೆಯ ತಿಂಗಳಿನೊಳಗೆ ಮಾತನಾಡಿ ಬರೆದಿಡಿ. ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ 2009ರಿಂದ ಇದೆ.

ನಮ್ಮ ಜಿಲ್ಲೆಗಳಲ್ಲಿ ಎಲ್ಲಿಗೆ ಹೋಗಬೇಕು?

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಮತ್ತು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಳು ಮೊದಲ ವಿಳಾಸಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಸರ್ಕಾರ ಅನುಮೋದಿಸಿದ ಸ್ಥಳದಲ್ಲಿ ಮಾತ್ರ ಗರ್ಭಪಾತ ಕಾನೂನುಬದ್ಧ. ಮನಸ್ಸಿನ ಚಿಕಿತ್ಸೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರೂಪುಗೊಂಡಿದೆ. ಜಗಳೂರು, ಹೊನ್ನಾಳಿ, ಚಳ್ಳಕೆರೆ, ಹೊಸದುರ್ಗದಂತಹ ಊರಿನವರು ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೊರಟರೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ.

ಊರಲ್ಲಿ ಗೊತ್ತಾಗುತ್ತದೆಯೇ?

ಗರ್ಭಪಾತ ಮಾಡಿಸಿಕೊಂಡವರ ಹೆಸರು ಮತ್ತು ವಿವರಗಳನ್ನು, ಕಾನೂನು ಅಧಿಕಾರ ಕೊಟ್ಟವರ ಹೊರತು, ಬೇರೆ ಯಾರಿಗೂ ವೈದ್ಯರು ತಿಳಿಸುವಂತಿಲ್ಲ. ತಿಳಿಸಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ವಿಧಿಸಬಹುದು.

ಮತ್ತೆ ಗರ್ಭ ನಿಲ್ಲದಂತೆ ಏನು ಮಾಡಬೇಕು?

ಮಾತ್ರೆಯಿಂದ ಗರ್ಭಪಾತವಾದ ಎಂಟು ಹತ್ತು ದಿನಗಳಲ್ಲಿಯೇ ಮತ್ತೆ ಅಂಡ ಬಿಡುಗಡೆಯಾಗಬಹುದು, ಹಾಗಾಗಿ ಈ ಮಾತು ಅದೇ ಭೇಟಿಯಲ್ಲಿ ಆಗಬೇಕು. ಕಾರ್ಬಮಜೆಪೀನ್ ತೆಗೆದುಕೊಳ್ಳುವವರಿಗೆ ಮಾಲಾ-ಡಿಯಂತಹ ನುಂಗುವ ಗರ್ಭನಿರೋಧಕ ಮಾತ್ರೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಗರ್ಭನಿರೋಧಕ ಮಾತ್ರೆಗಳು ಲ್ಯಾಮೋಟ್ರಿಜಿನ್ ಎಂಬ ಮನಸ್ಸಿನ ಮಾತ್ರೆಯ ಪರಿಣಾಮವನ್ನು ಕಡಿಮೆ ಮಾಡುತ್ತವೆ. ಕಾಪರ್-ಟಿಗೆ ಯಾವ ಮನೋರೋಗದ ಮಾತ್ರೆಯ ಜೊತೆಗೂ ತಕರಾರಿಲ್ಲ. ಕಾಪರ್-ಟಿಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ನಿಮಗೆ ತಿಳಿಸದೆ ಮಾಡುವುದು, ಅಥವಾ 'ಇದಕ್ಕೆ ಒಪ್ಪಿದರೆ ಮಾತ್ರ ಅದನ್ನು ಮಾಡುತ್ತೇವೆ' ಎನ್ನುವುದು ಸರಿಯಲ್ಲ.

ಜೊತೆಗೆ ಹೋಗುವವರು ಏನು ಮಾಡಬೇಕು?

ತಂಗಿಯೋ, ಸೊಸೆಯೋ, ಹೆಂಡತಿಯೋ, ಅವಳ ಪರವಾಗಿ ಉತ್ತರ ಹೇಳಬೇಡಿ. ವೈದ್ಯರು ಕೇಳಿದಾಗ ಅವಳು ನಿಧಾನವಾಗಿ ಹೇಳಲಿ, ಮಾತ್ರೆಯಿಂದ ನಾಲಿಗೆ ಒಣಗಿ ಮಾತು ತಡವಾಗುವುದು ಸಹಜ. ಮಾತ್ರೆಯ ಚೀಟಿ, ಹಳೆಯ ಸ್ಕ್ಯಾನಿಂಗ್ ವರದಿ, ಒಂದು ಬಾಟಲಿ ನೀರು, ಎರಡು ಜೊತೆ ಬಟ್ಟೆ, ಪ್ಯಾಡ್ ಇಟ್ಟುಕೊಳ್ಳಿ. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಅವಳಿಗೆ ಬಿಟ್ಟುಕೊಡಿ. ಆ ರಾತ್ರಿಯ ಮನಸ್ಸಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ ತಪ್ಪದೆ ಕೊಡಿ, ಮತ್ತು ಹದಿನಾಲ್ಕನೆಯ ದಿನದ ಮರುಭೇಟಿಗೆ ನೀವೇ ನೆನಪಿಸಿ ಕರೆದುಕೊಂಡು ಹೋಗಿ.